ಗಿಡ್ಡ ತೋಳು

"ಇದು ತೋಳೋ, ತೋಳಿನ ಮರಿಯೋ?"

ಅಕ್ಕ ಕೋಟನ್ನು ತಂಗಿಯ ಮುಖಕ್ಕೇ ಹಿಡಿದಳು. ಒಂದು ತೋಳು ಮಣಿಕಟ್ಟಿನವರೆಗಿತ್ತು. ಇನ್ನೊಂದು ಮೊಣಕೈ ದಾಟುವಷ್ಟರಲ್ಲೇ ಸುಸ್ತಾಗಿ ನಿಂತಿತ್ತು. ಕೋಟಿನ ಯಜಮಾನ ಸಂಜೆಗೆ ಬರುವವನಿದ್ದ.

"ಟೇಪಲ್ಲೇ ಅಳೆದೆ ಅಕ್ಕ. ಪಟ್ಟಿ ಬೇಡ ಅಂದಿದ್ದು ನೀನೇ ಅಲ್ವಾ?"

ಪಟ್ಟಿ ಎಂದರೆ ಕಾಗದದ್ದು. ತಂಗಿ ಅಂಕಿಯ ಗೊಡವೆಗೇ ಹೋಗುತ್ತಿರಲಿಲ್ಲ. ಗಿರಾಕಿಯ ಭುಜದಿಂದ ಮಣಿಕಟ್ಟಿಗೆ ಕಾಗದ ಹಿಡಿದು, ಅಷ್ಟಕ್ಕೇ ಹರಿದು, ಅದನ್ನೇ ಬಟ್ಟೆಯ ಮೇಲಿಟ್ಟು ಕತ್ತರಿ ಆಡಿಸುತ್ತಿದ್ದಳು. ಜನ ನಗುತ್ತಾರೆಂದು ಅಕ್ಕ ಹೋದ ವಾರ ಪಟ್ಟಿಗಳನ್ನೆಲ್ಲ ಕಸದ ಬುಟ್ಟಿಗೆ ತುರುಕಿ, ಅವಳ ಕೊರಳಿಗೆ ಟೇಪು ನೇತುಹಾಕಿದ್ದಳು.

"ಡಾಕ್ಟ್ರು ಹೇಳಿದ್ರು, ಇದು ಸೋಮಾರಿತನ ಅಲ್ವಂತೆ. ಮೆದುಳಲ್ಲಿ ಲೆಕ್ಕ ನೋಡ್ಕೊಳ್ಳೋ ಭಾಗ ನಂಗೆ ಹುಟ್ಟಿದಾಗಿಂದ ಬೇರೆ ಥರ ಕೆಲಸ ಮಾಡತ್ತಂತೆ. ಅಂಕಿ ಕಣ್ಣಿಗೆ ಕಾಣತ್ತೆ, ಅದು ಎಷ್ಟು ಅನ್ನೋದು ತಲೇಲಿ ಕೂರಲ್ಲ."

"ನಾಲಿಗೆ ಭಾಗ ಮಾತ್ರ ಭರ್ಜರಿಯಾಗಿ ಕೆಲಸ ಮಾಡತ್ತೆ ನೋಡು!"

"ಒಂದೇ ಮನೇಲಿ ಇನ್ನೊಬ್ರಿಗೂ ಇರಬಹುದಂತೆ."

"ಮನೆ ಸುದ್ದಿಗೆ ಬಂದ್ರೆ ಹಲ್ಲು ಉದುರಿಸ್ತೀನಿ. ನಿನ್ನ ಪೆದ್ದುತನಕ್ಕೆ ನಮ್ಮನ್ನೆಲ್ಲ ಪಾಲಿಗೆ ಕರೀಬೇಡ. ಇನ್ಮೇಲೆ ಕತ್ತರಿ ಮುಟ್ಟಂಗಿಲ್ಲ. ಗುಂಡಿ ಹಚ್ಕೊಂಡು ಮೂಲೇಲಿ ಬಿದ್ದಿರು."

"ನಂಗೆ ಬರೋದು ಕತ್ತರಿಸೋದೊಂದೇ ಅಕ್ಕ."

ಅಕ್ಕ ಕತ್ತರಿ ಕಿತ್ತುಕೊಂಡಳು. ಡ್ರಾಯರ್ ಎಳೆದು ಅದರೊಳಗೆ ಹಾಕಿ, ಬೀಗದ ಕೈಗಾಗಿ ತಡಕಾಡುತ್ತಾ, ಕಿಟಕಿ ಪಕ್ಕ ಚೂರುಬಟ್ಟೆ ಆಯುತ್ತಿದ್ದ ಮಗಳಿಗೆ ಕೂಗಿದಳು. "ಪುಟ್ಟಿ, ಗಂಟೆ ಎಷ್ಟು ನೋಡೇ. ಆ ಮನುಷ್ಯ ವಕ್ಕರಿಸೋ ಹೊತ್ತಾಯ್ತೇನೋ."

"ಮಧ್ಯಾಹ್ನ ಮುಚ್ಚಿದ ಎದುರಿನ ಬೇಕರಿ ಇನ್ನೂ ತೆಗೆದಿಲ್ಲಮ್ಮ."

"ನಾನು ಬೇಕರಿ ಕೇಳಿದ್ನಾ? ಗಡಿಯಾರ ನೋಡಿ ಹೇಳು."

ಐದನೇ ಕ್ಲಾಸಿನ ಹುಡುಗಿ ಗೋಡೆಯ ಕಡೆ ಕತ್ತೆತ್ತಿದಳು. ತುಟಿ ಅಲುಗಾಡಿತು.

"ದೊಡ್ಡ ಮುಳ್ಳು... ಕೆಳಗಿದೆ."

"ಕೆಳಗೆ ಅಂದ್ರೆ?"

ಹುಡುಗಿ ಮತ್ತೆ ಕಿಟಕಿಯ ಕಡೆ ತಿರುಗಿದಳು. ಬೈಯಲೆಂದು ಬಾಯಿ ತೆರೆದ ಅಕ್ಕನಿಗೆ, ಗಿರಾಕಿಗಳು ಬಟ್ಟೆ ತೊಟ್ಟು ನೋಡಿಕೊಳ್ಳುವ ಎದುರಿನ ನಿಲುಗನ್ನಡಿಯಲ್ಲಿ ಇಬ್ಬರೂ ಕಂಡರು. ತಂಗಿ ಯಾವಾಗಲೋ ಹುಡುಗಿಯ ಹಿಂದೆ ಹೋಗಿ ನಿಂತಿದ್ದಳು. ಗಡಿಯಾರ ಇಬ್ಬರ ತಲೆಯ ಮೇಲೆ ಟಿಕ್ ಟಿಕ್ ಎನ್ನುತ್ತಿತ್ತು. ಇಬ್ಬರೂ ಒಂದೇ ಓರೆಯಲ್ಲಿ ಕತ್ತು ವಾಲಿಸಿ, ರಸ್ತೆಯಾಚೆ ಬೇಕರಿಯ ಶಟರ್ ಮೇಲೇಳುವುದನ್ನೇ ಕಾಯುತ್ತಿದ್ದರು.

ಅಕ್ಕನ ಕೈಗೆ ಬೀಗದ ಕೈ ಸಿಕ್ಕಿತ್ತು. ಡ್ರಾಯರ್ ತೆರೆದೇ ಇತ್ತು.