ನಲ್ಲಿ ಪಕ್ಕದ ಜಾಗ

ಎಷ್ಟು ಜಗ್ಗಿದರೂ ಬೇರು ಬರಲಿಲ್ಲ. ದರ್ಜಿ ಮುಳ್ಳುಬಳ್ಳಿಯ ಬುಡಕ್ಕೆ ಗೋಣಿಚೀಲ ಸುತ್ತಿ, ಹಿಮ್ಮಡಿ ಊರಿ, ಮೈಭಾರವನ್ನೆಲ್ಲ ಬಿಟ್ಟು ಎಳೆದ. ಬಳ್ಳಿ ಕಿತ್ತುಬಂತು, ಅವನೂ ಹಿಂದಕ್ಕೆ ಕುಕ್ಕರಿಸಿದ. ಉಳಿದಿದ್ದು ಆ ಮೂಲೆಯೊಂದೇ. ಅದೂ ಮುಗಿದರೆ ನಲ್ಲಿ ಪಕ್ಕದ ಜಾಗ ಬೇಲಿಯಿಂದ ಬೇಲಿಗೆ ಹಸನಾದಂತೆ. ನಾಳೆ ಗೊಬ್ಬರ ಹಾಕಿ ಪಾತಿ ಎತ್ತಬಹುದು.

"ಟೈಲರೇ, ಬಿಡಿ ಅದನ್ನ."

ದಾರಿಯಲ್ಲಿ ತೋಟದ ಸಂಘದ ಸೆಕ್ರೆಟರಿ ನಿಂತಿದ್ದ. ಭಾನುವಾರವೂ ಪಾಲಿಶ್ ಹಾಕಿದ ಬೂಟು ತೊಡುವ ಮನುಷ್ಯ. ಮಣ್ಣು ತುಳಿಯದೆ ತೋಟ ನಡೆಸುವ ವಿದ್ಯೆ ಅವನೊಬ್ಬನಿಗೇ ಗೊತ್ತಿದ್ದದ್ದು.

"ಹಲೋ ಅಕ್ಕ ಹೋಗ್ಬಿಟ್ರಂತೆ, ಬೆಳಗಿನ ಜಾವ. ಮಧ್ಯಾಹ್ನ ಊಟದ ಹೊತ್ತಿಗೆ ಮಣ್ಣು."

ದರ್ಜಿ ಕೂತಲ್ಲಿಂದ ಏಳಲಿಲ್ಲ. ಮೊದಲು ಅವನ ಬಾಯಿಗೆ ಬಂದದ್ದು ಅಯ್ಯೋ ಪಾಪ ಎಂಬ ಮಾತಲ್ಲ.

"ಅವರಿಗೆ ಗೊತ್ತಾಗಿತ್ತಾ?"

"ಏನು?"

"ಈ ಜಾಗ ನನ್ನ ಹೆಸರಿಗೆ ಆಗಿದ್ದು."

ಸೆಕ್ರೆಟರಿ ತನ್ನ ಬೂಟಿನ ತುದಿಯನ್ನೇ ನೋಡಿಕೊಂಡ. "ಅದೆಲ್ಲ ಈಗ ಯಾಕೆ? ಹೋಗಿ, ಕೈಕಾಲು ತೊಳ್ಕೊಂಡು ಬನ್ನಿ. ನಾನೂ ಆ ಕಡೆಗೇ ಹೊರಟಿದ್ದೀನಿ."

ದರ್ಜಿ ನಲ್ಲಿ ತಿರುಗಿಸಿದ. ಉಗುರಿನ ಸಂದಿಯ ಮಣ್ಣು ಎಷ್ಟು ಉಜ್ಜಿದರೂ ಹೋಗಲಿಲ್ಲ. ಅದು ಆಕೆಯ ಜಾಗದ ಮಣ್ಣು ಎಂಬುದು ನೆನಪಾಗಿ, ಉಜ್ಜುವುದಕ್ಕೂ ನಾಚಿಕೆಯಾಯಿತು.

*

ಹಲೋ ಅಕ್ಕ ಎಂಬುದು ಆಕೆಯ ಹೆಸರಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಇಡೀ ಊರಿನ ಟ್ರಂಕ್ ಕಾಲುಗಳನ್ನು ಜೋಡಿಸುತ್ತಿದ್ದಳು ಎಂದು ಜನ ಇಟ್ಟ ಹೆಸರು. ಯಾರ ಮನೆಯ ಸಂಬಂಧ ಮುರಿಯಿತು, ಯಾರ ಮಗ ಯಾರಿಗೂ ಹೇಳದೆ ಕೆಲಸ ಬಿಟ್ಟ, ಎಲ್ಲವೂ ಆಕೆಯ ಕಿವಿ ದಾಟಿಯೇ ಹೋಗುತ್ತಿತ್ತು. ಬಾಯಿಂದ ಮಾತ್ರ ಒಂದೂ ಹೊರಬೀಳಲಿಲ್ಲ. ನಿವೃತ್ತಿಯಾದ ಮೇಲೂ ಯಾರಾದರೂ ಕೊರೆಯತೊಡಗಿದರೆ, "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?" ಎಂದು ಎಕ್ಸ್‌ಚೇಂಜಿನ ದನಿಯಲ್ಲೇ ಕೇಳುತ್ತಿದ್ದಳು. ಕೊರೆಯುವವರು ತಾವೇ ನಕ್ಕು ಸುಮ್ಮನಾಗುತ್ತಿದ್ದರು.

ನೀರಿನ ಟ್ಯಾಂಕಿನ ಹಿಂದೆ ಪಾಳುಬಿದ್ದಿದ್ದ ನೆಲವನ್ನು ಸಂಘದವರು ತುಂಡು ತುಂಡು ಮಾಡಿ, ತರಕಾರಿ ಬೆಳೆದುಕೊಳ್ಳುವವರಿಗೆ ಕೊಟ್ಟಾಗ, ಆಕೆಗೆ ನಲ್ಲಿ ಪಕ್ಕದ್ದು ಸಿಕ್ಕಿತು, ದರ್ಜಿಗೆ ತುತ್ತತುದಿಯದು. ನಿಯಮ ಒಂದೇ: ಕಳೆ ಮೊಣಕಾಲು ಮುಟ್ಟಿದರೆ ಜಾಗ ಬೇರೆಯವರ ಪಾಲು. ಸೆಕ್ರೆಟರಿ ಆಗಾಗ ನೋಡಿಕೊಂಡು ಹೋಗಲು ಬರುತ್ತಿದ್ದ. ಬಂದರೂ ಬೂಟಿನ ಮೇಲಿನ ಪ್ರೀತಿಗೆ ದಾರಿ ಬಿಟ್ಟು ಕೆಳಗಿಳಿಯುತ್ತಿರಲಿಲ್ಲ. ಇದನ್ನು ಮೊದಲು ಪತ್ತೆಹಚ್ಚಿದವಳು ಹಲೋ ಅಕ್ಕ. ಯಾರಾದರೂ ಹಾಸಿಗೆ ಹಿಡಿದರೆ ಅವರ ಜಾಗದ ದಾರಿ ಬದಿಯನ್ನು ಒಂದು ತೋಳಿನಷ್ಟು ಅಗಲಕ್ಕೆ ಕೆತ್ತಿ, ಒಂದು ಸಾಲು ಕೋಲು ನೆಟ್ಟು, ಬಳ್ಳಿ ಹಬ್ಬಿಸಿಬಿಡುತ್ತಿದ್ದಳು. ಹಿಂದೆ ಕಾಡೇ ಎದ್ದಿರಲಿ, ಮುಂದೆ ನಿಂತು ನೋಡಿದವರಿಗೆ ಹಸಿರು ಬಳ್ಳಿ.

ದರ್ಜಿಯ ಹೆಂಡತಿ ಬೆನ್ನಿನ ಆಪರೇಷನ್ನಾಗಿ ಮಲಗಿದ್ದ ವರ್ಷ ಅವನಿಗೆ ತೋಟದ ನೆನಪೇ ಇರಲಿಲ್ಲ. ಜಾಗ ಹೋಗಿರುತ್ತದೆ ಎಂದುಕೊಂಡೇ ಕೊನೆಗೊಂದು ದಿನ ಬಂದು ನೋಡಿದರೆ, ದಾರಿ ಬದಿಯಲ್ಲಿ ಅವರೆಬಳ್ಳಿ ಹೂ ಬಿಟ್ಟಿತ್ತು.

"ಏನಪ್ಪಾ ಟೈಲರು, ಹೆಂಡತಿ ಎದ್ದು ಕೂತ್ರಾ?" ಆಕೆ ಕೇಳಿದ್ದು ಅಷ್ಟೇ. "ಅಂಚು ನಾನು ನೋಡ್ಕೊಂಡಿದ್ದೀನಿ. ಒಳಗಿಂದು ನೀನೇ ಮಾಡ್ಕೊಂಡು ಸಾಯ್ಬೇಕು."

*

ಅಕ್ಕನ ಮನೆಯ ಮುಂದೆ ಕುರ್ಚಿ ಹಾಕಿದ್ದರು. ಒಳಗೆ ಮುಂದಿನ ಕೋಣೆಯಲ್ಲಿ ಆಕೆಯನ್ನು ಮಲಗಿಸಿದ್ದರು. ಮುಖ ಬತ್ತಿ ಅಂಗೈಯಷ್ಟಾಗಿತ್ತು. ದರ್ಜಿ ಕೈಮುಗಿದು, ನಿಲ್ಲಲಾರದೆ ಹೊರಗೆ ಬಂದ. ಎರಡು ಬೀದಿ ಆಚೆಯ ಮನೆ. ನೋಡಿಕೊಂಡು ಬನ್ನಿ ಎಂದು ಹೆಂಡತಿ ಎಷ್ಟೋ ಸಲ ಹೇಳಿದ್ದಳು. ಪ್ರತಿ ಸಲವೂ ಅವನಿಗೆ ಯಾರದೋ ಮದುವೆಯ ಬಟ್ಟೆ ಅರ್ಜೆಂಟಾಗಿ ಹೊಲಿಯುವುದಿತ್ತು.

ಹೊರಗೆ ಆಕೆಯ ಜೊತೆ ಕೆಲಸ ಮಾಡಿದ ಮುದುಕ ಲೈನ್‌ಮನ್ ಎದ್ದು ನಿಂತು ಮಾತಾಡುತ್ತಿದ್ದ. ಬಿರುಗಾಳಿಗೆ ಕಂಬ ಬಿದ್ದದ್ದು, ಎರಡು ಹಗಲು ಎರಡು ರಾತ್ರಿ ಆಕೆ ಬೋರ್ಡಿನ ಮುಂದಿಂದ ಏಳದಿದ್ದದ್ದು, ಆಮೇಲೆ ಕಂಬದ ಅಳತೆ, ತಂತಿಯ ದಪ್ಪ, ತನ್ನ ಮೊಣಕಾಲ ನೋವು. ಮಾತು ಮುಗಿಯುವ ಲಕ್ಷಣವೇ ಕಾಣಲಿಲ್ಲ.

"ಮೂರು ನಿಮಿಷ ಆಯ್ತು," ಎಂದು ಹಿಂದಿನ ಸಾಲಿನಿಂದ ಯಾರೋ ಮೆಲ್ಲಗೆ ಅಂದರು.

ಅತ್ತವರೂ ನಕ್ಕುಬಿಟ್ಟರು. ಲೈನ್‌ಮನ್ ಸ್ವತಃ ನಕ್ಕು, ಕಣ್ಣೊರೆಸಿಕೊಂಡು ಕೂತ. ಬಾಗಿಲಲ್ಲಿ ನಿಂತಿದ್ದ ಮಗಳೂ ನಕ್ಕಳು. ನಲವತ್ತರ ಆಸುಪಾಸಿನ ಹೆಂಗಸು. ತಾಯಿಯನ್ನು ನೋಡಿಕೊಳ್ಳಲೆಂದು ಕೆಲಸಕ್ಕೆ ರಜೆ ಹಾಕಿ ಬಂದು ಇಲ್ಲೇ ಉಳಿದಿದ್ದಳು.

"ನಾನೂ ಒಂದು ಮಾತು ಹೇಳ್ಬೇಕು," ಎಂದಳು. "ಅಮ್ಮ ಹೇಳು ಅಂದಿದ್ದು. ಆಸ್ಪತ್ರೆಯಿಂದ ಕರ್ಕೊಂಡು ಬರುವಾಗ ತೋಟದ ಹತ್ರ ಕಾರ್ ನಿಲ್ಲಿಸು ಅಂದ್ರು. ಅವರ ಜಾಗ ಕಾಡಾಗಿರುತ್ತೆ, ಕೈ ಬಿಟ್ಟು ಹೋಗಿರುತ್ತೆ ಅಂತ ಒಂದೇ ಕೊರಗು ಆಗ. ನೋಡಿದ್ರೆ ಅಂಚು ಮಾತ್ರ ಅಲ್ಲ, ಒಳಗೂ ಕಳೆ ಕಿತ್ತಾಗಿದೆ. ಟೈಲರಣ್ಣ ಅಲ್ಲಿ ಬಗ್ಗಿ ಕೆಲಸ ಮಾಡ್ತಿದ್ರು. ನಾವು ನಿಂತಿದ್ದು ಅವರಿಗೆ ಕಾಣಿಸ್ಲಿಲ್ಲ." ಅವಳು ದರ್ಜಿಯ ಕಡೆ ತಿರುಗಿದಳು. "ಅಮ್ಮ ಅಂದ್ರು, ನೋಡೇ, ನಾನು ಜನರಿಗೆ ಒಂದು ತೋಳಗಲ ಮಾಡಿಕೊಡ್ತಿದ್ದೆ, ಇವನು ನನಗೆ ಪೂರ್ತಿ ಮಾಡಿಕೊಟ್ಟಿದ್ದಾನೆ, ಅಂತ. ಆಮೇಲಿಂದ ನೆಮ್ಮದಿಯಾಗಿದ್ರು. ಬಂದವರಿಗೆಲ್ಲ ಅದನ್ನೇ ಹೇಳೋರು."

ಎಲ್ಲರ ಕಣ್ಣೂ ದರ್ಜಿಯ ಮೇಲೆ ಬಿತ್ತು. ಲೈನ್‌ಮನ್ ಕೈಚಾಚಿ ಅವನ ಬೆನ್ನು ತಟ್ಟಿದ. ದರ್ಜಿ ಉಗುರಿನ ಮಣ್ಣು ಕಾಣದಂತೆ ಮುಷ್ಟಿ ಮಡಚಿ ತಲೆ ತಗ್ಗಿಸಿದ. ಅದನ್ನೂ ಜನ ದುಃಖವೆಂದೇ ತಿಳಿದು ತಲೆಯಾಡಿಸಿದರು. ಸೆಕ್ರೆಟರಿ ಮಾತ್ರ ಅವನನ್ನು ನೋಡಲಿಲ್ಲ. ಹುಬ್ಬೇರಿಸಿ ಮಗಳ ಮುಖವನ್ನೇ ನೋಡುತ್ತಿದ್ದ.

*

ಅಕ್ಕ ಹಾಸಿಗೆ ಹಿಡಿದಾಗ ಮೊದಮೊದಲು ದರ್ಜಿ ಆಕೆಯ ಜಾಗದ ಅಂಚು ಕೆತ್ತಿದ್ದು ನಿಜ. ಎರಡು ಸಲ ಕೆತ್ತಿದ. ಮೂರನೆಯ ಸಲ ಕುಡುಗೋಲು ಹಿಡಿದು ನಿಂತಾಗ, ಅಕ್ಕ ಇನ್ನು ತೋಟಕ್ಕೆ ಬರುವುದಿಲ್ಲ ಎನ್ನಿಸಿತು. ಆ ಕ್ಷಣಕ್ಕೆ ಅದು ಸಂಕಟವೇ. ಕಣ್ಣಲ್ಲಿ ನೀರೂ ಬಂದಿತ್ತು. ಆಮೇಲೆ ಪಕ್ಕದ ನಲ್ಲಿಯಲ್ಲಿ ಕೈ ತೊಳೆದುಕೊಂಡ. ಇಷ್ಟು ವರ್ಷ ಆ ತುದಿಯವರೆಗೆ ಬಕೆಟ್ಟು ಹೊತ್ತು, ಮೆಷಿನ್ನು ತುಳಿದು ಸವೆದ ಮೊಣಕಾಲು ಇನ್ನಷ್ಟು ಸವೆಸಿಕೊಂಡದ್ದು ನೆನಪಾಯಿತು. ಕೈ ಒರೆಸಿಕೊಳ್ಳುವ ಹೊತ್ತಿಗೆ ಸಂಕಟ ಲೆಕ್ಕಾಚಾರವಾಗಿತ್ತು.

ಅಂಚು ಕೆತ್ತದೆ ಮನೆಗೆ ಹೋದ. ಮುಂದಿನ ವಾರವೂ ಕೆತ್ತಲಿಲ್ಲ. ಕೋಲು ಬಿದ್ದವು, ಹುಲ್ಲು ದಾರಿಗೆ ಬಂತು. ಆಗ ತಾನಾಗಿಯೇ ಹೋಗಿ ಸೆಕ್ರೆಟರಿಯ ಮನೆ ಬಾಗಿಲು ತಟ್ಟಿದ.

"ಅಕ್ಕನ ಜಾಗ ಕಾಡು ಬಿದ್ದಿದೆ ಸಾರ್. ಹಾವುಗೀವು ಸೇರ್ಕೊಂಡ್ರೆ ಯಾರು ಹೊಣೆ? ನೀವೇ ಒಂದ್ಸಲ ಒಳಗಿಳಿದು ನೋಡಿ. ಬೇಕಾದ್ರೆ ನಂದು ಬಿಟ್ಟುಕೊಟ್ಟು ಅದನ್ನ ನಾನೇ ನೋಡ್ಕೋತೀನಿ."

ಸೆಕ್ರೆಟರಿ ಬೂಟು ಕಾಲಲ್ಲಿ ಮಣ್ಣಿಗೆ ಇಳಿದದ್ದು ಅದೊಂದೇ ಸಲ. ಇಳಿಸಿದವನು ದರ್ಜಿ.

*

ಮಣ್ಣು ಮುಗಿದ ಮೇಲೆ ಜನ ಗೇಟಿನ ಕಡೆ ಚದುರಿದರು. ದರ್ಜಿ ಯಾರ ಕಣ್ಣಿಗೂ ಬೀಳದೆ ಜಾಗ ಖಾಲಿ ಮಾಡುವುದರಲ್ಲಿದ್ದ. ಹಿಂದಿನಿಂದ ಮಗಳು ಕರೆದಳು.

"ಟೈಲರಣ್ಣ, ತೋಟದ ತನಕ ಬರ್ತೀರಾ?"

ಅವಳು ಕಾರಿನಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿಕೊಂಡಳು. ಒಳಗೆ ಸಿರಪ್ ಬಾಟಲಿಯ ಜೊತೆ ಬರುವ ಪುಟ್ಟ ಅಳತೆ ಕಪ್ಪುಗಳು. ಒಂದೊಂದರಲ್ಲೂ ಒಂದು ಬದನೆ ಸಸಿ. ಕಿಟಕಿಯ ಬೆಳಕಿಗೆ ಆಸೆಪಟ್ಟು ಎಲ್ಲವೂ ಒಂದೇ ಕಡೆಗೆ ವಾಲಿಕೊಂಡಿದ್ದವು.

"ಜಾಗ ಹಸನಾಗಿದೆ ಅಂತ ನೋಡಿದ ದಿನವೇ ಬೀಜ ತರಿಸಿದ್ರು," ಎಂದಳು. "ಮಲಗಿದಲ್ಲೇ ನೀರು ಚಿಮುಕಿಸೋರು."

ದರ್ಜಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಹೇಳಿಬಿಡಬೇಕು, ಈಗಲೇ ಹೇಳಿಬಿಡಬೇಕು ಎಂದುಕೊಳ್ಳುತ್ತಲೇ ದಾರಿ ಸವೆಯಿತು. ತೋಟದ ಗೇಟು ದಾಟಿದ ಮೇಲೆ ನಿಂತ.

"ತಂಗೀ, ಒಂದು ಮಾತು. ಈ ಜಾಗ ಅಕ್ಕನ ಹೆಸರಲ್ಲಿಲ್ಲ. ನಾನು..."

"ಗೊತ್ತು."

ಅವಳು ನಿಲ್ಲದೆ ನಲ್ಲಿಯ ಕಡೆ ನಡೆದಳು. ದರ್ಜಿ ಹಿಂದೆಯೇ ಹೋದ.

"ಸೆಕ್ರೆಟರಿ ನನಗೆ ಫೋನ್ ಮಾಡಿದ್ರು. ಜಾಗ ನಿಮಗೆ ಕೊಡಬಹುದಾ ಅಂದ್ರು. ಕೊಟ್ಬಿಡಿ ಅಂದೆ." ಪೆಟ್ಟಿಗೆಯನ್ನು ನೆಲಕ್ಕಿಟ್ಟಳು. "ಅಮ್ಮನ್ನ ಇನ್ನೂ ಆಸ್ಪತ್ರೆಗೆ ಸೇರಿಸಿರ್ಲಿಲ್ಲ, ಪಕ್ಕದ ಕೋಣೆಯಲ್ಲೇ ಇದ್ರು, ಎಚ್ಚರವಾಗೇ ಇದ್ರು. ಎದ್ದು ಹೋಗಿ ಒಂದು ಮಾತು ಕೇಳ್ಲಿಲ್ಲ. ಇನ್ನೆಲ್ಲಿ ತೋಟ ಮಾಡ್ತಾರೆ ಅಂತ ನಾನೇ ತೀರ್ಮಾನ ಮಾಡ್ಬಿಟ್ಟೆ."

ದರ್ಜಿ ಪೆಟ್ಟಿಗೆಯಲ್ಲಿ ಪಕ್ಕಕ್ಕೆ ಉರುಳಿದ್ದ ಕಪ್ಪೊಂದನ್ನು ನೆಟ್ಟಗೆ ನಿಲ್ಲಿಸಿದ.

"ಆ ದಿನ ಕಾರಲ್ಲಿ ಅವರು ಹಾಗಂದಾಗ, ಹೌದಮ್ಮಾ, ನಿನಗೋಸ್ಕರವೇ ಮಾಡ್ತಿದ್ದಾರೆ ಅಂದೆ. ಇನ್ನೇನು ಹೇಳ್ಲಿ? ನಿಮ್ಮನ್ನ ಕರೆಸು, ಮಾತಾಡ್ಬೇಕು ಅಂತ ಹಟ ಹಿಡಿದ್ರು. ಊರಲ್ಲಿಲ್ಲ ಅಂತ ಸುಳ್ಳು ಹೇಳಿದೆ. ಬಂದ್ರೆ ನೀವು ಬಾಯಿಬಿಟ್ಬಿಡ್ತೀರಾ ಅಂತ ಭಯ."

"ಕರೆದಿದ್ರೂ ನಾನು ಬರ್ತಿರ್ಲಿಲ್ಲ," ಎಂದ ದರ್ಜಿ.

ಅವಳು ಅವನ ಮುಖ ನೋಡಿದಳು. ಕಪ್ಪೊಂದನ್ನು ಎತ್ತಿ, "ಇದನ್ನ ಹೇಗೆ ನೆಡೋದು? ನನಗೆ ಬರಲ್ಲ," ಎಂದಳು.

ದರ್ಜಿ ಸಾವಿಗೆಂದು ಹಾಕಿಕೊಂಡಿದ್ದ ಇಸ್ತ್ರಿ ಪ್ಯಾಂಟಿನಲ್ಲೇ ಮೊಣಕಾಲೂರಿ ಗುಳಿ ತೋಡಿದ. ಕಪ್ಪನ್ನು ಅಂಗೈಗೆ ಬೋರಲು ಹಾಕಿ, ಬೇರು ಅಲುಗದಂತೆ ಸಸಿಯನ್ನು ಇಳಿಸಿದ. ಅವಳೂ ಎದುರಿಗೆ ಕೂತಳು. ಅವನು ಒಂದು ಕಡೆಯಿಂದ ಮಣ್ಣು ಎಳೆದ, ಅವಳು ಇನ್ನೊಂದು ಕಡೆಯಿಂದ ಎಳೆದಳು.

"ಮೆಲ್ಲಗೆ ಒತ್ತಬೇಕು. ಹೀಗೆ."

ತನ್ನ ಗಿಡಕ್ಕೆ ನೀರು ಹಾಕಲು ಬಂದಿದ್ದ ಲೈನ್‌ಮನ್ ಬಕೆಟ್ಟು ಹಿಡಿದು ದಾರಿಯಲ್ಲಿ ನಿಂತ. ಇಬ್ಬರನ್ನೂ ನೋಡಿ ಅವನ ಕಣ್ಣು ತುಂಬಿ ಬಂತು.

"ನೋಡಮ್ಮಾ," ಎಂದ, "ನಿಮ್ಮಮ್ಮ ಪುಣ್ಯವಂತೆ. ಹೊಟ್ಟೆಯಲ್ಲಿ ಹುಟ್ಟಿದರೆ ನಿನ್ನಂಥ ಮಗಳು, ಪಕ್ಕದಲ್ಲಿದ್ದರೆ ಇಂಥ ಮನುಷ್ಯ. ಎಷ್ಟು ಜನಕ್ಕೆ ಸಿಗುತ್ತೆ ಹೇಳು?"

ಇಬ್ಬರೂ ತಲೆಯೆತ್ತಲಿಲ್ಲ. ಸಸಿಯ ಬುಡದ ಮಣ್ಣು ಆಗಲೇ ಗಟ್ಟಿಯಾಗಿತ್ತು. ಆದರೂ ನಾಲ್ಕು ಕೈಗಳೂ ಅದನ್ನೇ ಒತ್ತುತ್ತಿದ್ದವು.