ಬಲಗಣ್ಣಿನ ಕೆಂಪು ಚುಕ್ಕೆ

ಗಡಿಯಾರದ ಕಡೆ ಮುಖ ಮಾಡಿ ಕೂರಬೇಕೆಂದು ನಾನು ಮೇಜಿನ ಆಚೆ ಬದಿಗೆ ಕುರ್ಚಿ ಎಳೆದುಕೊಂಡದ್ದು ಮೂರು ತಿಂಗಳ ಹಿಂದೆ, ಒಂದು ಸೋಮವಾರ. ಅದಕ್ಕೂ ಮೊದಲು ಹತ್ತೊಂಬತ್ತು ವರ್ಷ ಗಡಿಯಾರಕ್ಕೆ ಬೆನ್ನು ಹಾಕಿ ದುಡಿದವಳು.

ನಮ್ಮದು ಕನ್ನಡಕದ ಗಾಜು ತಯಾರಿಸುವ ಕಾರ್ಖಾನೆ. ಉಜ್ಜಿದ ಗಾಜುಗಳು ಎರಡು ಕುಳಿಯ ಪುಟ್ಟ ಡಬ್ಬಿಗಳಲ್ಲಿ ಜೋಡಿಜೋಡಿಯಾಗಿ ನನ್ನ ಮುಂದೆ ಬರುತ್ತವೆ. ಬಲಗಡೆಯ ಕುಳಿಯಲ್ಲಿರುವುದು ಬಲಗಣ್ಣಿನ ಗಾಜು, ಅದರ ಮೇಲೆ ನಾನು ಕೆಂಪು ಪೆನ್ಸಿಲಿನಿಂದ ಒಂದು ಚುಕ್ಕೆ ಇಡಬೇಕು. ಆ ಚುಕ್ಕೆ ನೋಡಿಕೊಂಡೇ ಮುಂದಿನವರು ಗಾಜನ್ನು ಕತ್ತರಿಸಿ ಫ್ರೇಮಿಗೆ ಕೂರಿಸುತ್ತಾರೆ. ನಿಯಮದ ಪುಸ್ತಕದಲ್ಲಿರುವುದು ಇಷ್ಟೇ. ಆದರೆ ಚುಕ್ಕೆ ಇಟ್ಟ ಮೇಲೆ ಎರಡೂ ಗಾಜನ್ನು ಮತ್ತೊಮ್ಮೆ ಅಳತೆಯ ಯಂತ್ರಕ್ಕಿಟ್ಟು ಚೀಟಿಯಲ್ಲಿರುವ ನಂಬರಿಗೆ ತಾಳೆ ನೋಡುವುದು ನಮ್ಮ ಮೇಜಿನ ಪದ್ಧತಿ. ಹಳಬರು ಇದಕ್ಕೆ ಎರಡನೇ ನೋಟ ಎನ್ನುತ್ತಿದ್ದರು. ಅದನ್ನು ಮಾಡೆಂದು ಯಾರೂ ಹೇಳುವುದಿಲ್ಲ, ಬಿಟ್ಟರೆ ಯಾರೂ ಕೇಳುವುದೂ ಇಲ್ಲ.

ನಮ್ಮ ಮ್ಯಾನೇಜರಿಗೆ ನಾವಿಟ್ಟ ಹೆಸರು ಮುಗುಳ್ನಗೆ. ಕೆಟ್ಟ ಸುದ್ದಿ ಹೇಳುವಾಗಲೆಲ್ಲ ಅವರ ಮುಖ ಅರಳುತ್ತದೆ. ನನ್ನ ಬಡ್ತಿಯ ಬಗ್ಗೆ ಐದು ವರ್ಷ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿ, ಐದನೇ ವರ್ಷವೂ ನಕ್ಕರು. ನಾನು ಜಗಳವಾಡಲಿಲ್ಲ, ರಾಜೀನಾಮೆಯನ್ನೂ ಕೊಡಲಿಲ್ಲ. ಇನ್ನು ಮೇಲೆ ಪುಸ್ತಕದಲ್ಲಿ ಇದ್ದಷ್ಟೇ ಕೆಲಸ ಎಂದು ನಿರ್ಧರಿಸಿದೆ. ಸಂಜೆ ಐದಕ್ಕೆ ಕುರ್ಚಿಯಿಂದ ಏಳುವುದು, ಎರಡನೇ ನೋಟ ಬಂದ್. ಕುರ್ಚಿ ತಿರುಗಿದ್ದು ಆಗಲೇ.

ನಂತರ ಮಾರುಕಟ್ಟೆ ಬಿತ್ತು. ಒಡೆದ ಹೊರತು ಯಾರೂ ಹೊಸ ಕನ್ನಡಕ ಕೊಳ್ಳುವುದಿಲ್ಲ ಎಂಬ ಸ್ಥಿತಿ ಬಂತು. ನಮ್ಮ ಮೇಜಿನ ನಾಲ್ವರಲ್ಲಿ ಇಬ್ಬರು ಹೋಗಬೇಕು, ಶುಕ್ರವಾರ ಪಟ್ಟಿ ಎಂದರು. ನನ್ನನ್ನು ಬಿಟ್ಟು ಉಳಿದ ಮೂವರು ಬಾಲಕ್ಕೆ ಬೆಂಕಿ ಬಿದ್ದವರ ಹಾಗೆ ಚುಕ್ಕೆ ಇಡತೊಡಗಿದರು. ಕೆಲಸವಿಲ್ಲದಿದ್ದರೂ ಏಳರವರೆಗೆ ಕೂತು, ಒರೆಸಿದ್ದನ್ನೇ ಒರೆಸಿದರು. ನನ್ನ ಗಂಡನ ಕಾರ್ಖಾನೆ ಆಗಲೇ ಬಾಗಿಲು ಮುಚ್ಚಿತ್ತು, ಮನೆ ನಡೆಯುತ್ತಿದ್ದದ್ದು ನನ್ನೊಬ್ಬಳ ಸಂಬಳದಲ್ಲಿ. ಹೆದರಿಕೆ ನನಗೂ ಇತ್ತು. ಆದರೂ ಐದಕ್ಕೆ ಎದ್ದೆ. ಅದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ.

ನಾಚಿಕೆ ಬಂದದ್ದು ಬುಧವಾರ. ವಾಪಸು ಬಂದ ಕನ್ನಡಕಗಳ ಕೌಂಟರಿನಲ್ಲಿ ಕೂರುವವಳು ನನ್ನ ನಾದಿನಿ. ಊಟದ ಹೊತ್ತಿಗೆ ನನ್ನನ್ನು ಮೂಲೆಗೆ ಕರೆದು ಒಂದು ಕನ್ನಡಕ, ಒಂದು ಚೀಟಿ ತೋರಿಸಿದಳು. ಎಡದ ಗಾಜು ಬಲಕ್ಕೆ, ಬಲದ್ದು ಎಡಕ್ಕೆ. ಚೀಟಿಯ ಮೇಲೆ ನನ್ನ ಮುದ್ರೆ. ತಂದವಳು ಸಣ್ಣ ಕಸೂತಿಯ ಹೊಲಿಗೆ ಮಾಡುವವಳಂತೆ. ಸೂಜಿಗೆ ದಾರ ಪೋಣಿಸಲಾಗದೆ, ಕಣ್ಣೇ ಹೋಯಿತೆಂದು ತಿಳಿದು, ಎರಡು ತಿಂಗಳ ಹಿಂದೆ ಕೆಲಸ ಬಿಟ್ಟಳಂತೆ. ಬೈಯಲೂ ಇಲ್ಲವಂತೆ, ಸರಿಮಾಡಿ ಕೊಡಿ ಎಂದಷ್ಟೇ ಹೇಳಿ ಹೋದಳಂತೆ.

ಚೀಟಿಯ ತಾರೀಖು ನೋಡಿದೆ. ಅದೇ ಸೋಮವಾರ. ಡಬ್ಬಿ ಕಳಿಸುವವನನ್ನು ಹುಡುಕಿ ಕೇಳಿದೆ. ಟೀ ಹೊತ್ತಿಗೆ ನಾನು ಆಚೆ ಬದಿಗೆ ಹೋದದ್ದು ಕಂಡು, ಅಲ್ಲಿಂದಾಚೆಗಿನ ಡಬ್ಬಿಗಳನ್ನು ತಿರುಗಿಸಿ ಕಳಿಸಿದೆ ಎಂದ. ಮೊದಲಿನವನ್ನು ನಾನೇ ತಿರುಗಿಸಿಕೊಂಡಿರುತ್ತೇನೆ ಎಂದು ಅವನ ಲೆಕ್ಕ. ನಾನು ತಿರುಗಿಸಿರಲಿಲ್ಲ. ಹತ್ತೊಂಬತ್ತು ವರ್ಷದ ಕೈ ಬಲಗಡೆಯ ಕುಳಿಗೇ ಹೋಗಿ ಚುಕ್ಕೆ ಇಟ್ಟಿತ್ತು; ಆಚೆ ಬದಿಯಿಂದ ಅದು ಎಡಗಣ್ಣಿನ ಗಾಜು. ಟೀಗೆ ಮುಂಚೆ ಇಪ್ಪತ್ನಾಲ್ಕು ಜೋಡಿ. ಎರಡನೇ ನೋಟವಿದ್ದಿದ್ದರೆ ಮೊದಲ ಡಬ್ಬಿಯಲ್ಲೇ ಸಿಕ್ಕಿಬೀಳುತ್ತಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಸಿಟ್ಟು ಮುಗುಳ್ನಗೆಯ ಮೇಲೆ, ಬರೆ ಬಿದ್ದದ್ದು ಹೊಲಿಗೆಯವಳಿಗೆ.

ಕೌಂಟರಿಗೆ ಮರಳಿದಾಗ ನಾದಿನಿ ಚೀಟಿಯನ್ನು ಅಂಗೈಯಲ್ಲಿ ಮುದುರಿಕೊಂಡಳು. "ಅತ್ತಿಗೆ, ಇದನ್ನ ನಾನು ನೋಡೇ ಇಲ್ಲ ಅಂದ್ಕೊಳ್ಳಿ. ಶುಕ್ರವಾರ ಒಂದು ಕಳೀಲಿ. ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು."

"ಅವಳೊಬ್ಬಳೇ ಅಲ್ಲ ಕಣೇ," ಎಂದೆ. "ಇನ್ನೂ ಇಪ್ಪತ್ಮೂರು ಜನ ಇದಾರೆ."

ಚೀಟಿ ಇಸಿದುಕೊಂಡು ನೇರ ಮ್ಯಾನೇಜರ ಕೋಣೆಗೆ ಹೋದೆ. ಅವರು ಪೂರ್ತಿ ಕೇಳಿಸಿಕೊಂಡು ನಕ್ಕರು. ದೂರು ತಂದವರಿಗೆ ಬದಲಾಯಿಸಿ ಕೊಡೋಣ, ತರದವರ ಉಸಾಬರಿ ನಮಗೇಕೆ ಎಂದರು. ಪಟ್ಟಿ ಇನ್ನೂ ಟೈಪಾಗಿಲ್ಲ ಎಂಬುದನ್ನೂ ಮೆತ್ತಗೆ ಸೇರಿಸಿದರು. ಕೊನೆಗೆ, "ನೀವೇನೂ ಹೇಳಿಲ್ಲ, ನಾನೇನೂ ಕೇಳಿಲ್ಲ. ಹೋಗಿ ಕೆಲಸ ನೋಡಿ," ಎಂದರು.

"ನಾನು ಹೇಳಿದೀನಿ ಸಾರ್," ಎಂದೆ. ಅವರ ಮೇಜಿನ ಮೇಲಿದ್ದ ಕಾಗದವನ್ನೇ ಎಳೆದುಕೊಂಡು ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿ ಅವರ ಮುಂದಿಟ್ಟೆ. ನಗು ನಿಂತದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತೇ.

ಗುರುವಾರ ಬೆಳಗಾಗುತ್ತಲೇ ಆರ್ಡರ್ ಪುಸ್ತಕ ತೆಗೆಸಿದೆ. ಇಪ್ಪತ್ಮೂರರಲ್ಲಿ ಒಂಬತ್ತು ಜನರಿಗೆ ಎರಡೂ ಕಣ್ಣಿಗೆ ಒಂದೇ ನಂಬರು, ಅವರು ಬಚಾವು. ಉಳಿದವರು ಹದಿನಾಲ್ಕು. ಅವರಿಗೆ ಕಾರ್ಖಾನೆಯ ಫೋನಿನಿಂದಲೇ, ಕೆಲಸದ ಹೊತ್ತಿನಲ್ಲೇ ಕರೆ ಮಾಡಿದೆ. ಇದೂ ಕೆಲಸವೇ. ಒಂದು ವರ್ಷದೊಳಗೆ ತಪ್ಪು ಕಂಡರೆ ಹೊಸ ಗಾಜು ಕೊಡಬೇಕೆಂದು ಬಿಲ್ಲಿನ ಹಿಂದೆ ಅಚ್ಚು ಹಾಕಿದ್ದಾರೆ, ಅಂಗಡಿಗೆ ಹೋಗಿ ಕೇಳಿ ಎಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳಿದೆ. ಒಬ್ಬಳು ಬಾಯಿಗೆ ಬಂದಂತೆ ಬೈದಳು. ಬೈಸಿಕೊಂಡೆ. ಪಕ್ಕದ ಮೂವರು ತಲೆ ಎತ್ತದೆ ಚುಕ್ಕೆ ಇಡುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ, ಮಧ್ಯಾಹ್ನದ ಮೇಲೆ ಅವರಲ್ಲೊಬ್ಬಳು ತನ್ನ ಡಬ್ಬಿಯೊಂದನ್ನು ಮತ್ತೆ ಯಂತ್ರಕ್ಕಿಟ್ಟಳು.

ಶುಕ್ರವಾರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ. ಅಷ್ಟರೊಳಗೆ ಎಂಟು ಜನ ಸಿಕ್ಕಿದ್ದರು, ಆರು ಜನ ಫೋನೆತ್ತಿರಲಿಲ್ಲ. ಆ ಆರೂ ಫೋನ್ ನಂಬರನ್ನು ಕಾಗದದಲ್ಲಿ ಬರೆದುಕೊಂಡು, ಕೆಂಪು ಪೆನ್ಸಿಲನ್ನು ಮೇಜಿನ ಮೇಲೆಯೇ ಬಿಟ್ಟು ಬಂದೆ.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕಿಕೊಂಡೆವು ಎಂದ. ಹಾಕಿದ್ದು ನಾನು, ಪೆಟ್ಟು ಇಬ್ಬರಿಗೂ ಎಂದು ಒಪ್ಪಿಕೊಂಡು ಅತ್ತುಬಿಟ್ಟೆ. ಸೋಮವಾರದಿಂದ ಇಬ್ಬರೂ ಸೇರಿ ಕೆಲಸ ಹುಡುಕೋಣ ಎಂದ.

ಸೋಮವಾರ ಬೆಳಗ್ಗೆ ಹುಡುಕಲು ಹೊರಡುವ ಮೊದಲು ಮೊದಲ ನಂಬರು ಒತ್ತಿದೆ. ವಯಸ್ಸಾದ ಗಂಡಸಿನ ದನಿ. ಮೆಟ್ಟಿಲು ಇಳಿಯಲು ಹೆದರಿಕೆಯಾಗಿ ಮೂರು ತಿಂಗಳಿಂದ ಹೊರಗೇ ಹೋಗಿಲ್ಲ ಎಂದರು. ನಾನು ಹೇಳುವುದನ್ನೆಲ್ಲ ಕೇಳಿ, ಕಂಪನಿಯಲ್ಲಿ ನಾನು ಯಾರು ಎಂದು ವಿಚಾರಿಸಿದರು.

"ನಾನೀಗ ಕಂಪನಿಯವಳಲ್ಲ," ಎಂದೆ. "ತಪ್ಪು ಮಾಡಿದವಳು."

ಅವರು ಕೇಳಿದರು, "ಹಾಗಾದ್ರೆ ನನ್ನ ಕಣ್ಣು ಹೋಗಿಲ್ವೇನಮ್ಮಾ?"

"ಇಲ್ಲ ಸಾರ್. ನಿಮ್ಮ ಕಣ್ಣು ನೆಟ್ಟಗಿದೆ. ಬಿಲ್ಲು ಹುಡುಕ್ಕೊಂಡು ಬನ್ನಿ, ನಾನು ಫೋನ್ ಹಿಡ್ಕೊಂಡೇ ಕಾಯ್ತೀನಿ."