ಮಿಸ್ ಅಯಾಂತಿಯ ಮದುವೆಗೆ ಹೊರಟ ಬಸ್ಸು

೧

ಎಲ್ಲಿಂದ ಶುರು ಮಾಡಲಿ? ಹಡಗಿನಿಂದ ಅಂದರೆ ನೀವು ಸಮುದ್ರದ ವರ್ಣನೆ ಕೇಳುತ್ತೀರಿ. ಮದುವೆಯಿಂದ ಅಂದರೆ ಹೆಣ್ಣಿಗೆ ವಯಸ್ಸೆಷ್ಟು ಅನ್ನುತ್ತೀರಿ. ಅರವತ್ತೊಂದು. ಸಮಾಧಾನವಾಯಿತೇ?

(ಇದು ಮೂರನೇ ಆರಂಭ. ಮೊದಲನೆಯದರಲ್ಲಿ ಸೂರ್ಯೋದಯವಿತ್ತು, ಹರಿದು ಹಾಕಿದೆ. ಎರಡನೆಯದರಲ್ಲಿ ನಾನೇ ಹೀರೋ. ಓದಿದವರು ನಕ್ಕರು.)

೧, ಮತ್ತೊಮ್ಮೆ

ನಮ್ಮ ದ್ವೀಪದ ರಾಜಧಾನಿ ಸೇಂಟ್ ಜಾರ್ಜಸ್‌ನ ಬಸ್ ಸ್ಟ್ಯಾಂಡು, ಶನಿವಾರ, ಬೆಳಿಗ್ಗೆ ಹತ್ತೂವರೆ. ಡ್ರೈವರ್ ಆಲ್‌ಸ್ಟನ್ ಜ್ಯೂಸಿನ ಕ್ರೇಟು ಎತ್ತಲು ಬಗ್ಗಿದವನು ಬಗ್ಗಿಯೇ ಉಳಿದ. ಸೊಂಟ ಹಿಡಿದುಕೊಂಡಿತ್ತು. ಅವನ ಹೆಂಡತಿ, ಬಸ್ಸಿನ ಕಂಡಕ್ಟರ್ ವೆರ್ಲಿನ್, ಅವನನ್ನು ಹಿಂದಿನ ಸೀಟಿನ ಮೇಲೆ ಬೋರಲು ಮಲಗಿಸಿದಳು.

ಬಸ್ಸಿನೊಳಗೆ ಮದುಮಗಳು ಮಿಸ್ ಅಯಾಂತಿ, ಅವಳ ಕಡೆಯ ಒಂಬತ್ತು ಜನ, ಮತ್ತು ಮದುವೆ ಕೇಕನ್ನು ತೊಡೆಯ ಮೇಲೆ ಇಟ್ಟುಕೊಂಡ ಸ್ಕೂಲ್ ಟೀಚರ್ ನಾನು. ಹನ್ನೆರಡಕ್ಕೆ ಗ್ವಾವ್ ಊರಿನ ಚರ್ಚಿನಲ್ಲಿ ಮದುವೆ. ಒಂದಕ್ಕೆ ಪಾದ್ರಿ ಬೇರೆ ಊರಿಗೆ ಹೊರಡುತ್ತಾರೆ. ಈ ಮದುವೆ ಈಗಾಗಲೇ ಎರಡು ಸಲ ಮುಂದೆ ಹೋಗಿತ್ತು. ಒಮ್ಮೆ ಚಂಡಮಾರುತ, ಇನ್ನೊಮ್ಮೆ ಮದುಮಗ ಫಿಟ್ಜ್‌ರಾಯ್ ಮೀನು ಹಿಡಿಯಲು ಹೋಗಿ ಮೂರು ದಿನ ಬರಲಿಲ್ಲ.

ಹಡಗು ಬಂದ ದಿನವಾದ್ದರಿಂದ ಉಳಿದ ಬಸ್ಸುಗಳೆಲ್ಲ ಪ್ರವಾಸಿಗಳನ್ನು ಹೊತ್ತು ಹೋಗಿದ್ದವು. ವೆರ್ಲಿನ್‌ಗಾಗಲಿ ಮದುವೆಯವರಿಗಾಗಲಿ ಡ್ರೈವಿಂಗ್ ಬರದು. ನಾನು ಓಡಿಸುವುದು ಪೆನ್ನು ಮಾತ್ರ.

೨

ಎದುರಿನ ಬೆಂಚಿನ ಮೇಲೆ ಒಬ್ಬ ಬಿಳಿಯ ಮುದುಕ ಬೆಳಿಗ್ಗೆ ಎಂಟರಿಂದ ಕೂತು ಬಸ್ಸುಗಳನ್ನೇ ನೋಡುತ್ತಿದ್ದ. ಸಾರಿಗೆ ಇಲಾಖೆಯ ಇನ್ಸ್‌ಪೆಕ್ಟರ್ ಇರಬೇಕು ಎಂದು ವೆರ್ಲಿನ್ ಅವನಿಗೆ ಎರಡು ಸಲ ಕಾಫಿ ಕೊಟ್ಟಿದ್ದಳು. ಈಗ ಅವನೇ ಎದ್ದು ಬಂದ.

"ನಾನು ಸ್ಟ್ಯಾನ್ಲಿ. ಹಲ್ ಪಟ್ಟಣದಲ್ಲಿ ಮೂವತ್ತನಾಲ್ಕು ವರ್ಷ ಸಿಟಿ ಬಸ್ ಓಡಿಸಿದೀನಿ."

"ಹಡಗಿಂದ ಇಳಿದವರು ಬೀಚಿಗೆ ಹೋಗಲ್ವಾ?" ಅಂದಳು ವೆರ್ಲಿನ್.

"ಅರವತ್ಮೂರು ದಿನದಿಂದ ಹಡಗಲ್ಲಿ ಸುಮ್ನೆ ಕೂತಿದೀನಮ್ಮ. ಇನ್ನೂ ಐವತ್ತು ದಿನ ಇದೆ. ನನ್ನ ಹೆಂಡತಿ ಎನಿಡ್‌ಗೆ ಹಡಗಲ್ಲಿ ಇಸ್ಪೀಟಾದ್ರೂ ಇದೆ." ಆಮೇಲೆ ತಗ್ಗಿದ ದನಿಯಲ್ಲಿ, "ಆದರೆ ಒಂದು ಮಾತು ಹೇಳ್ಬೇಕು. ಎರಡು ವರ್ಷದ ಹಿಂದೆ ನಿಂತಿದ್ದ ಕಾರಿಗೆ ನನ್ನ ಕಾರನ್ನ ಉಜ್ಜಿಬಿಟ್ಟೆ. ಅವತ್ತೇ ಕೀ ಮಗಳ ಕೈಗೆ ಕೊಟ್ಟೆ. ಆಮೇಲೆ ಸ್ಟೀರಿಂಗ್ ಮುಟ್ಟಿಲ್ಲ."

"ಯಾರಿಗಾದ್ರೂ ಏಟಾಯ್ತಾ?" ಮಿಸ್ ಅಯಾಂತಿ ಕೇಳಿದಳು.

"ಇಲ್ಲ. ಎಡಗಡೆ ಕನ್ನಡಿ ಹೋಯ್ತು."

"ನಮ್ಮ ಬಸ್ಸಿಗೆ ಅದು ಮೂರು ವರ್ಷದಿಂದ ಇಲ್ಲ," ಅಂದಳು ವೆರ್ಲಿನ್.

"ಹತ್ತಿ, ಮಿಸ್ಟರ್ ಸ್ಟ್ಯಾನ್ಲಿ," ಅಂದಳು ಮದುಮಗಳು.

(ಪರ್ಮಿಟ್ ವಿಷಯ ಕೇಳಬೇಡಿ. ನಮ್ಮ ಪೊಲೀಸ್ ಸಾರ್ಜೆಂಟ್ ಕಥೆ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.)

೪

ಮೂರನೇ ಭಾಗದಲ್ಲಿ ಬ್ರೇಕ್ ಫೇಲಾಗಿತ್ತು. ಬರೆದು ಸ್ಟ್ಯಾನ್ಲಿಯ ಫೋನಿಗೆ ಕಳಿಸಿದೆ. ಹಡಗಿನಿಂದ ಉತ್ತರ ಬಂತು: "ನಾನು ಕೂತ ಬಸ್ಸಿನ ಬ್ರೇಕ್ ಯಾವತ್ತೂ ಹೋಗಿಲ್ಲ. ಆ ಭಾಗ ತೆಗೀರಿ." ತೆಗೆದೆ.

ನಿಜವಾಗಿ ಆಗಿದ್ದು ಇಷ್ಟು. ಅರ್ಧ ದಾರಿಯ ತಿರುವಿನಲ್ಲಿ ಮರಳಿನ ಲಾರಿ ಎದುರಾಯಿತು. ಬಲಕ್ಕೆ ಬಂಡೆ, ಎಡಕ್ಕೆ ಸಮುದ್ರ. ಯಾರಾದರೂ ಹಿಂದೆ ಹೋಗಬೇಕು, ಮತ್ತು ಲಾರಿಯ ಹಿಂದೆ ಆಗಲೇ ನಾಲ್ಕು ಕಾರು. ಸ್ಟ್ಯಾನ್ಲಿ ಗೇರಿನ ಮೇಲೆ ಕೈಯಿಟ್ಟ. ಕೈ ನಡುಗುತ್ತಿತ್ತು. ಎಡಗಡೆ ನೋಡಿದ. ಅಲ್ಲಿ ಕನ್ನಡಿಯಿಲ್ಲ, ನೀರು ಮಾತ್ರ.

"ನನ್ನಿಂದ ಆಗಲ್ಲ," ಅಂದ.

ವೆರ್ಲಿನ್ ಇಳಿದು, ಬಸ್ಸಿನ ಹಿಂದೆ ಸಮುದ್ರದ ಅಂಚಿನಲ್ಲಿ ನಿಂತು, ಬಸ್ಸಿನ ಮೈಗೆ ಅಂಗೈಯಿಟ್ಟಳು.

"ಮಿಸ್ಟರ್ ಸ್ಟ್ಯಾನ್ಲಿ, ನಾನು ಇಲ್ಲಿ ನಿಂತಿದೀನಿ. ಕೈ ತಟ್ಟೋವರೆಗೂ ಬನ್ನಿ. ನಿಲ್ಲಿಸಿದ್ರೆ ನೀವೂ ನಿಲ್ಲಿಸಿ. ನನಗೂ ನೀರಿಗೆ ಬೀಳೋ ಆಸೆ ಇಲ್ಲ."

ತಟ್. ತಟ್. ತಟ್. ಬಸ್ಸು ಗೇಣು ಗೇಣಾಗಿ ಹಿಂದೆ ಸರಿಯಿತು. ಐವತ್ತು ಗಜ. ಮಿಸ್ ಅಯಾಂತಿ ಕಣ್ಣು ಮುಚ್ಚಲಿಲ್ಲ, ಅವನ ಕೈಯನ್ನೇ ನೋಡುತ್ತಿದ್ದಳು. ಎಲ್ಲೋ ನಡುವೆ ಆ ನಡುಕ ನಿಂತಿತ್ತಂತೆ. ನಾನು ಕೇಕನ್ನು ತಬ್ಬಿಕೊಂಡಿದ್ದೆ, ನೋಡಲಿಲ್ಲ.

ಲಾರಿಯವನು ದಾಟಿ ಹೋಗುವಾಗ ಟೋಪಿ ಎತ್ತಿದ. ಸ್ಟ್ಯಾನ್ಲಿ ಗೇರು ಮುಂದಕ್ಕೆ ಹಾಕಿದ. ಆಮೇಲೆ ಗಂಟಲು ಸರಿಮಾಡಿಕೊಂಡು ಘೋಷಿಸಿದ:

"ಮುಂದಿನ ನಿಲ್ದಾಣ, ಮದುವೆ."

ಬಸ್ಸಿಗೆ ಬಸ್ಸೇ ನಕ್ಕಿತು. ಆಲ್‌ಸ್ಟನ್ ಮಾತ್ರ, "ನಗಿಸ್ಬೇಡ್ರಪ್ಪಾ, ಸೊಂಟ," ಎಂದು ನರಳಿದ.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಚರ್ಚು ಸೇರಿದೆವು. ಮೆಟ್ಟಿಲ ಮೇಲೆ ನಿಂತಿದ್ದ ಫಿಟ್ಜ್‌ರಾಯ್ ಈ ಸಲ ತಾನೇ ಮೊದಲು ಬಂದೆನೆಂದು ಎಲ್ಲರಿಗೂ ಹೇಳಿದ. ಮದುವೆಯಾಯಿತು. ತೆಂಗಿನಹಾಲಿನಲ್ಲಿ ಬೆಂದ ದೀವಿಹಲಸನ್ನು ಸ್ಟ್ಯಾನ್ಲಿ ಎರಡು ತಟ್ಟೆ ತಿಂದ.

೫

ಈಗ ಮುಕ್ತಾಯ. ಒಂದು ಕರಡಿನಲ್ಲಿ ಸ್ಟ್ಯಾನ್ಲಿಗೆ ಹಡಗು ತಪ್ಪುತ್ತದೆ, ಗ್ವಾವ್‌ನಲ್ಲೇ ಡ್ರೈವರ್ ಆಗಿ ಉಳಿಯುತ್ತಾನೆ. ವೆರ್ಲಿನ್ ಒಪ್ಪಲಿಲ್ಲ. "ಎನಿಡಮ್ಮನ ಗತಿ? ಮತ್ತೆ ಆಲ್‌ಸ್ಟನ್ ಕೆಲಸ?"

ಇನ್ನೊಂದರಲ್ಲಿ ಅವನು ಹಡಗಿನ ಕಂಬಿ ಹಿಡಿದು ದ್ವೀಪ ನೋಡುತ್ತಾ ಕಣ್ಣೀರಿಡುತ್ತಾನೆ. ಅವನ ಉತ್ತರ: "ನಾನು ಅಳಲಿಲ್ಲ. ಎನಿಡ್‌ಗೆ ಲಾರಿ ಕಥೆ ಹೇಳ್ತಾ ಇದ್ದೆ. ಅವಳು ನಂಬಲಿಲ್ಲ."

ಆದದ್ದನ್ನೇ ಬರೆದೆ. ನಾಲ್ಕಕ್ಕೆ ಅವನೇ ಬಸ್ಸು ಓಡಿಸಿಕೊಂಡು ಹೊರಟ, ನಾಲ್ಕೂಮುಕ್ಕಾಲಿಗೆ ಬಂದರು ತಲುಪಿದ, ಐದಕ್ಕೆ ಹಡಗು ಹೊರಟಿತು. ಕೆಳಗೆ ಒಂದು ಗೆರೆ ಎಳೆದು ಮಿಸ್ ಅಯಾಂತಿಗೆ ಕೊಟ್ಟೆ. ಓದಿ ಕನ್ನಡಕ ತೆಗೆದಳು.

"ಹಡಗು ಹೋಯ್ತು, ಕಥೆ ಮುಗೀತು. ಅಲ್ವಾ ಟೀಚರ್?"

"ಹೌದು."

"ನಾವೇನು ಹಡಗು ಹತ್ತಿದ್ವಾ? ನಾವು ಇಲ್ಲೇ ಇದೀವಿ. ಆರು ಗಂಟೆಗೆ ಫಿಟ್ಜ್‌ರಾಯ್ ಶೂ ಬಿಚ್ಚಿಟ್ಟು ನನ್ನ ಜೊತೆ ಕುಣಿದ. ನಮ್ಮ ಪರಿಚಯದ ಮೂವತ್ತು ವರ್ಷದಲ್ಲಿ ಮೊದಲನೇ ಸಲ. ಅದನ್ನ ಯಾರು ಬರೀತಾರೆ?"

ಗೆರೆ ಅಳಿಸಿದ್ದೇನೆ. ಅವಳು ಕುರ್ಚಿ ಎಳೆದುಕೊಂಡು ಕೂತು ಹೇಳುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ. ಮೊದಲು ಬಿಚ್ಚಿದ್ದು ಎಡಗಾಲಿನ ಶೂ ಅಂತೆ.